ಅಂಜಿಕೆಯ ಅಳತೆ

ಬ್ಯಾಟರಿಯ ಕವಚ ಒತ್ತುವ ದೊಡ್ಡ ಪ್ರೆಸ್ ಕೆಳಗಿಳಿಯುತ್ತ ಇಳಿಯುತ್ತ ನಡುವೆಯೇ ನಿಂತುಬಿಟ್ಟಿತು. ಸಿಂಚನಾಳ ಬಲಗೈ ಇನ್ನೂ ಅದರ ಕೆಳಗಿತ್ತು. ಕೈಗವಸಿನ ತುದಿ ತಗಡಿನ ಮೊನೆಗೆ ಸಿಕ್ಕಿಕೊಂಡಿದೆ ಎಂಬುದು ಅವಳ ಬುದ್ಧಿಗೆ ಹೊಳೆದದ್ದು ಆಮೇಲೆ. ಅದಕ್ಕೂ ಮೊದಲೇ ಅದು ಅವಳ ಮೈಗೆ ಗೊತ್ತಾಗಿತ್ತು, ಮೈಯಿಂದ ಮಣಿಕಟ್ಟಿನ ಪಟ್ಟಿಗೆ, ಪಟ್ಟಿಯಿಂದ ಯಂತ್ರಕ್ಕೆ. ಇಷ್ಟೂ ನಡೆದದ್ದು ಕಣ್ಣು ಮುಚ್ಚಿ ತೆರೆಯುವುದರೊಳಗೆ. ಪಕ್ಕದ ಪ್ರೆಸ್‌ನವರು ಓಡಿ ಬಂದು ಗವಸನ್ನು ಕತ್ತರಿಸಿ ಅವಳ ಕೈ ಬಿಡಿಸಿದರು. ಬೆರಳುಗಳನ್ನು ಒಂದೊಂದಾಗಿ ಮಡಿಸಿ ನೋಡಿಕೊಂಡ ಮೇಲೆ ಅವಳಿಗೆ ಅಳು ಬಂತು.

ಆ ಪಟ್ಟಿಯನ್ನು ಕಂಡುಹಿಡಿದವರು ಡಾ. ಅನಘಾ ಹೆಬ್ಬಾರ. ಅವರು ಇಟ್ಟ ಉದ್ದನೆಯ ಹೆಸರು ಯಾರ ಬಾಯಿಗೂ ಹತ್ತದೆ ಕಾರ್ಮಿಕರು ಅದನ್ನು ‘ಕಾಪು’ ಎಂದೇ ಕರೆಯುತ್ತಿದ್ದರು. ಅಪಾಯ ಎದುರಾದಾಗ, ಮನಸ್ಸು ‘ಹೆದರಿದೆ’ ಎಂದುಕೊಳ್ಳುವ ಮೊದಲೇ ಚರ್ಮ ಸಣ್ಣಗೆ ಬೆವರುತ್ತದೆ, ಒಂದು ಎದೆಬಡಿತಕ್ಕೂ ಇನ್ನೊಂದಕ್ಕೂ ನಡುವಿನ ಬಿಡುವು ಕುಗ್ಗುತ್ತದೆ, ಮಣಿಕಟ್ಟಿನ ಎಳೆಯಂಥ ರಕ್ತನಾಳಗಳು ಬಿಗಿಯುತ್ತವೆ. ಈ ಮೂರನ್ನೂ ಒಟ್ಟಿಗೆ ಓದಿದರೆ ಅಂಜಿಕೆಯನ್ನು ಜ್ವರದ ಹಾಗೆ ಅಂಕಿಯಲ್ಲಿ ಅಳೆಯಬಹುದು ಎಂಬುದು ಅನಘಾ ಅವರ ಶೋಧ. ಅಂಕಿ ತಟ್ಟನೆ ಏರಿದರೆ ಪ್ರೆಸ್ ನಿಲ್ಲುತ್ತದೆ. ಹರಿಹರದ ಹೊರಗೆ, ತುಂಗಭದ್ರೆಯ ದಂಡೆಯಲ್ಲಿದ್ದ ಆ ಕಾರ್ಖಾನೆಯಲ್ಲಿ ಕಾಪು ಬಂದ ಮೇಲೆ ಒಬ್ಬರ ಬೆರಳೂ ಹೋಗಿರಲಿಲ್ಲ. ಹಾಗಾಗಿ ಗೇಟಿನೊಳಗೆ ಕಾಲಿಟ್ಟ ಗಳಿಗೆಯಿಂದ ಹೊರಗೆ ಹೋಗುವ ತನಕ ಅದನ್ನು ಕಟ್ಟಿಕೊಂಡೇ ಇರಬೇಕೆಂಬ ನಿಯಮ ಮಾಡಿದಾಗ ಕಾರ್ಮಿಕ ಸಂಘವೂ ಸಂತೋಷದಿಂದ ಒಪ್ಪಿತ್ತು.

ಅದು 2058ರ ಬೇಸಿಗೆ. ತಗಡಿನ ಮಾಡಿನ ಕೆಳಗೆ ಮಧ್ಯಾಹ್ನದ ಪಾಳಿಯವರು ಒಬ್ಬರಾದ ಮೇಲೊಬ್ಬರು ತಲೆ ಸುತ್ತಿ ಬೀಳುತ್ತಿದ್ದರು. ಬಿಸಿಲು ಇಳಿಯುವ ತನಕ ಪ್ರೆಸ್ ನಿಲ್ಲಿಸಬೇಕೆಂದು ಸಂಘ ಕೇಳಿತು. ಆಡಳಿತ ಮಂಡಳಿ ಒಪ್ಪಲಿಲ್ಲ. ಮುಷ್ಕರದ ಮಾತು ಹುಟ್ಟಿಕೊಂಡಿತು.

ವಿಚಿತ್ರ ಶುರುವಾದದ್ದು ಆಮೇಲೆ. ಸಂಘದ ಅಧ್ಯಕ್ಷ ಧನುಷ್ ಗಟ್ಟಿ ಮನುಷ್ಯ, ಎಂಥ ಸಾಹೇಬರ ಎದುರಿಗೂ ದನಿ ತಗ್ಗಿಸಿದವನಲ್ಲ. ಅವನನ್ನು ಆಫೀಸಿಗೆ ಕರೆದು ಮಾತಾಡಿಸಿದರು. ಮಾರನೆಯ ದಿನ ಅವನು ಯಾರ ಮುಖವನ್ನೂ ನೋಡದೆ, ತಾನು ಸ್ಥಾನ ಬಿಡುತ್ತಿರುವುದಾಗಿ ಹೇಳಿ ಹೋಗಿಬಿಟ್ಟ. ಅವನ ಹಿಂದೆ ಸಮಿತಿಯ ಇನ್ನಿಬ್ಬರು ಜಾರಿಕೊಂಡರು. ಆಫೀಸಿನಲ್ಲಿ ಏನು ಹೇಳಿದರು ಎಂದು ಎಷ್ಟು ಕೇಳಿದರೂ ಮೂವರೂ ಬಾಯಿ ಬಿಡಲಿಲ್ಲ. ಉಳಿದ ಸಮಿತಿಯಲ್ಲಿ ಹಿರಿಯಳೆಂದು ಸಂಧಾನಕ್ಕೆ ಕೂರುವ ಸರದಿ ಸಿಂಚನಾಳಿಗೆ ಬಂತು.

ಮ್ಯಾನೇಜರ್ ನಿಶ್ಚಲ್ ರಾವ್ ಅವಳನ್ನು ಮರ್ಯಾದೆಯಿಂದಲೇ ಕೂರಿಸಿ ಮಜ್ಜಿಗೆ ತರಿಸಿದರು. ಮೆತ್ತಗಿನ ಮಾತು. ಆದರೆ ಅವರ ಕಣ್ಣು ಮುಂದಿದ್ದ ಸಣ್ಣ ಪರದೆಯ ಮೇಲಿತ್ತು. ಮುಷ್ಕರ ಹೂಡಿದವರನ್ನು ಅಮಾನತು ಮಾಡಬೇಕಾದೀತು ಎಂದರು. ಸ್ವಲ್ಪ ತಡೆದು, ಬಳ್ಳಾರಿಯ ಘಟಕದಲ್ಲಿ ಜನ ಬೇಕಾಗಿದ್ದಾರೆ, ವರ್ಗ ಮಾಡಬಹುದು ಎಂದರು. ಮತ್ತೆ ತಡೆದು, ಅವಳ ತಮ್ಮನ ಕೆಲಸದ ಸುದ್ದಿ ಎತ್ತಿದರು. ಪ್ರತಿ ಮಾತಿನ ನಂತರವೂ ಅದೇ ಪುಟ್ಟ ಮೌನ. ಸಿಂಚನಾ ಹಲ್ಲು ಕಚ್ಚಿ ಮುಖದ ಒಂದು ಗೆರೆಯೂ ಅಲುಗದಂತೆ ಕೂತಿದ್ದಳು. ಡಾಕ್ಟರು ಹೊಟ್ಟೆಯನ್ನು ಅಲ್ಲಲ್ಲಿ ಒತ್ತಿ ನೋವಿನ ಜಾಗ ಹುಡುಕುವ ಹಾಗಿದೆ ಇವರ ರೀತಿ ಎಂದು ಅವಳಿಗೆ ಅನ್ನಿಸಿತು. ಯಾಕೆಂದು ಗೊತ್ತಾಗಲಿಲ್ಲ.

“ನಿಮ್ಮ ತಾಯಿ ಡಯಾಲಿಸಿಸ್‌ಗೆ ನಮ್ಮ ಕಂಪನಿ ಆಸ್ಪತ್ರೆಗೇ ಬರ್ತಾರಲ್ವಾ?” ಎಂದರು ರಾವ್.

ಅವಳು ತುಟಿಪಿಟಿಕ್ ಎನ್ನಲಿಲ್ಲ. ಅವರು ಪರದೆ ನೋಡಿದರು, ಕುರ್ಚಿಗೆ ಒರಗಿದರು. ಮುಂದೆ ಹುಡುಕಲಿಲ್ಲ.

“ಸರಿ. ನಿಧಾನವಾಗಿ ಯೋಚನೆ ಮಾಡಿ ಹೇಳಿ,” ಎಂದರು.

ಗೇಟಿನಲ್ಲಿ ಪಟ್ಟಿ ಬಿಚ್ಚಿಡುವಾಗ ಅಂಕಿ ಕಳಿಸುವಾಗ ಹೊತ್ತುವ ಅದರ ಒಳಮೈಯ ಪುಟ್ಟ ಹಸಿರು ದೀಪ ಪ್ರೆಸ್‌ನಿಂದ ಇಷ್ಟು ದೂರದಲ್ಲೂ ಮಿನುಗುತ್ತಲೇ ಇದ್ದುದನ್ನು ಕಂಡು ಅವಳಿಗೆ ಎಲ್ಲವೂ ಒಮ್ಮೆಲೇ ಅರ್ಥವಾಯಿತು. ತನ್ನ ಕೈ ಉಳಿಸಿದ ವಸ್ತುವೇ ಈಗ ರಾವ್ ಅವರ ಪರದೆಗೆ ತನ್ನನ್ನು ಹಿಡಿದುಕೊಟ್ಟಿತ್ತು.

ಅನಘಾ ಪಟ್ಟಿಗಳ ತಪಾಸಣೆಗೆಂದು ಕಾರ್ಖಾನೆಗೆ ಬಂದವರು ಊರಿನ ಅತಿಥಿಗೃಹದಲ್ಲಿದ್ದರು. ಸಿಂಚನಾ ಅಲ್ಲಿಗೇ ಹೋಗಿ ನಡೆದದ್ದನ್ನು ಹೇಳಿದಳು. ಪಟ್ಟಿಯ ಅಂಕಿಗಳು ಪ್ರೆಸ್‌ಗೆ ಹೋಗುವಂತೆಯೇ ಆಫೀಸಿಗೂ ಹೋಗುತ್ತವೆಂದು ಅನಘಾ ಅವರಿಗೆ ತಿಳಿದಿತ್ತು, ಅದು ಕಾರ್ಮಿಕರ ದಣಿವಿನ ಅಧ್ಯಯನಕ್ಕೆ ಎಂದು ಕಂಪನಿ ಹೇಳಿದ್ದನ್ನು ನಂಬಿದ್ದರು.

“ಯಾಕೆ ಹೆದರಿದೆ ಅಂತ ಪಟ್ಟಿ ಹೇಳೋದಿಲ್ಲ,” ಎಂದರು. “ಆದರೆ ಎದುರಿಗೆ ಕೂತು ಒಂದೊಂದೇ ಮಾತು ಆಡ್ತಾ ಹೋದರೆ, ಯಾವ ಮಾತಿಗೆ ಅಂಕಿ ಏರ್ತು ಅಂತ ಕಾಣತ್ತೆ. ಅದು ನನಗೆ ಹೊಳೀಲೇ ಇಲ್ಲ.”

ಇನ್ನೊಂದು ಸಂಗತಿಯನ್ನೂ ಅವರು ಪರದೆಯಲ್ಲಿ ತೋರಿಸಿದರು. ಒಬ್ಬೊಬ್ಬರೇ ಇರುವಾಗ ಕಾರ್ಮಿಕರ ಅಂಕಿಗಳು ಎತ್ತರದಲ್ಲಿದ್ದವು. ಕ್ಯಾಂಟೀನಿನಲ್ಲಿ ಒಟ್ಟಿಗೆ ಕೂತು ಉಣ್ಣುವ ಹೊತ್ತಿಗೆ ಎಲ್ಲರ ಗೆರೆಗಳೂ ಜೊತೆಯಾಗಿ ಇಳಿದಿದ್ದವು. ಇತ್ತೀಚೆಗೆ ಮಾತ್ರ ಆ ಇಳಿಕೆ ಕಾಣುತ್ತಿರಲಿಲ್ಲ. ಸಿಂಚನಾಳಿಗೆ ನೆನಪಾಯಿತು: ಕ್ಯಾಂಟೀನಿನ ಉದ್ದ ಬೆಂಚುಗಳನ್ನು ತೆಗೆಸಿ ಒಂಟಿ ಮೇಜು ಹಾಕಿಸಿದ್ದರು, ಊಟದ ಹೊತ್ತನ್ನು ಗುಂಪು ಗುಂಪಾಗಿ ಒಡೆದಿದ್ದರು. ಸ್ವಚ್ಛತೆಗಾಗಿ ಎಂದಿದ್ದರು.

“ಕಾಪು ಬಿಚ್ಚಿ ಒಗೆದ್ರೆ ಪ್ರೆಸ್ ನಡೆಯಂಗಿಲ್ಲ. ಅದಿಲ್ದೆ ಪ್ರೆಸ್ ನಡೆಸಿದ್ರೆ ನಮ್ಮ ಕೈ ಉಳಿಯಂಗಿಲ್ಲ. ನಾವೇನು ಮಾಡಬೇಕ್ರಿ ಮೇಡಂ?” ಎಂದಳು ಸಿಂಚನಾ.

ಕಾರ್ಮಿಕ ಇಲಾಖೆಯ ಅಧಿಕಾರಿಯ ಮುಂದೆ ಬಂದು ಇದೆಲ್ಲವನ್ನೂ ಹೇಳುವಿರಾ ಎಂದೂ ಕೇಳಿದಳು. “ನನಗೂ ಭಯ ಇದೆ ಸಿಂಚನಾ. ನನ್ನ ಕೈಗೆ ಪಟ್ಟಿ ಇಲ್ಲ, ಅಷ್ಟೇ,” ಎಂದರು ಅನಘಾ. ಹೌದೆಂದೂ ಅನ್ನಲಿಲ್ಲ, ಇಲ್ಲವೆಂದೂ ಅನ್ನಲಿಲ್ಲ.

ಮನೆಯಲ್ಲಿ ಅವಳ ತಾಯಿ ಕರಿಬಸಮ್ಮ ಎಲ್ಲವನ್ನೂ ಕೇಳಿಸಿಕೊಂಡಳು. ನನ್ನ ಹೆಸರು ಹೇಳಿ ನಿನ್ನ ಬಾಯಿ ಕಟ್ಟುವುದು ಬೇಡ, ದಾವಣಗೆರೆಯ ಸರ್ಕಾರಿ ಆಸ್ಪತ್ರೆ ಇದೆಯಲ್ಲ ಎಂದಳು. ಹಾಗೆನ್ನುವಾಗ ಅವಳ ದನಿ ನಡುಗಿದ್ದು ಮಗಳಿಗೆ ಕೇಳಿಸಿತು. ಇಬ್ಬರೂ ಅದನ್ನು ಕೇಳಿಸದಂತೆ ಇದ್ದರು.

ಭಾನುವಾರ ಸಂಜೆ ಹೊಳೆಯ ಮರಳಿನಲ್ಲಿ ಸಭೆ ಸೇರಿತು. ಯಾರ ಕೈಯಲ್ಲೂ ಪಟ್ಟಿ ಇರಲಿಲ್ಲ. ಆದರೂ ಜನ ದೂರ ದೂರ ಕೂತಿದ್ದರು. ಸಿಂಚನಾ ಭಾಷಣ ಮಾಡಲಿಲ್ಲ. ಪಟ್ಟಿ ಏನು ಮಾಡುತ್ತಿದೆ ಎಂಬುದನ್ನು ಹೇಳಿ, “ನಮ್ಮವ್ವನ ಡಯಾಲಿಸಿಸ್ ನಿಲ್ಲಿಸಿಬಿಡ್ತಾರೆ ಅಂತ ನಂಗೆ ಹೆದರಿಕೆ ಐತೆ. ಅವರಿಗೆ ಅದು ಗೊತ್ತಾಗೇತೆ. ಅದಕ್ಕೆ ನಿಮಗೂ ಗೊತ್ತಿರಲಿ ಅಂತ ಹೇಳಾಕತ್ತೀನಿ,” ಎಂದಳು.

ಹಿಂದಿನ ಸಾಲಿನಿಂದ ಧನುಷ್ ಎದ್ದು ನಿಂತ. “ನಂಗೆ ಒಂದು ಕಣ್ಣು ಮಂಜಾಗೈತೆ. ಮುಚ್ಚಿಟ್ಕೊಂಡು ಕೆಲಸ ಮಾಡ್ತಿದ್ದೆ. ಅದನ್ನ ಹಿಡಿದ್ರು,” ಎಂದ. ಅಷ್ಟು ಹೇಳಿ ಮುಖ ಮುಚ್ಚಿಕೊಂಡ. ಆಮೇಲೆ ಒಬ್ಬರಾದ ಮೇಲೊಬ್ಬರು ಹೇಳತೊಡಗಿದರು. ಕತ್ತಲಾಗುವ ಹೊತ್ತಿಗೆ ಜನ ಹತ್ತಿರ ಹತ್ತಿರ ಸರಿದು ಕೂತಿದ್ದರು. ಬಿಸಿಲಿನ ಬಿಡುವಿನ ಜೊತೆಗೆ ಇನ್ನೊಂದು ಬೇಡಿಕೆ ಸೇರಿತು: ಪಟ್ಟಿಯ ಅಂಕಿ ಯಂತ್ರಕ್ಕೆ ಮಾತ್ರ ಹೋಗಬೇಕು, ಆಫೀಸಿಗೆ ಹೋಗಕೂಡದು.

ಮುಷ್ಕರ ಶುರುವಾದ ಕೂಡಲೇ ಕಂಪನಿ ಆಸ್ಪತ್ರೆಯ ಬಾಗಿಲು ಕರಿಬಸಮ್ಮನಿಗೆ ಮುಚ್ಚಿತು. ಸಂಘದವರು ಸರದಿಯ ಮೇಲೆ ಅವಳನ್ನು ದಾವಣಗೆರೆಗೆ ಕರೆದೊಯ್ಯುತ್ತಿದ್ದರು. ಒಮ್ಮೆ ಅಲ್ಲಿಯ ಯಂತ್ರ ಕೆಟ್ಟು ನಿಂತಿತ್ತು. ಕರಿಬಸಮ್ಮನ ಕಾಲು ಬಾತು, ಉಸಿರು ಗೊರಗೊರ ಎನ್ನತೊಡಗಿತು. ಆಸ್ಪತ್ರೆಯ ಪಡಸಾಲೆಯಲ್ಲಿ ತಾಯಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ ಸಿಂಚನಾ, ರಾವ್ ಅವರಿಗೆ ಫೋನು ಮಾಡಿ ಎಲ್ಲದಕ್ಕೂ ಒಪ್ಪಿಬಿಡಲು ಫೋನನ್ನು ಕೈಗೆತ್ತಿಕೊಂಡಳು. ಆ ದಿನದ ಸರದಿಯ ಮೇಲೆ ಜೊತೆಗೆ ಬಂದಿದ್ದ ಧನುಷ್ ಅವಳನ್ನು ತಡೆಯಲಿಲ್ಲ. ಮಾಡುವುದಾದರೆ ಮಾಡು, ಯಾರೂ ನಿನ್ನನ್ನು ಆಡಿಕೊಳ್ಳುವುದಿಲ್ಲ ಎಂದಷ್ಟೇ ಹೇಳಿ ಪಕ್ಕದಲ್ಲಿ ಕೂತ. ಅವಳು ಹೆಸರು ಹುಡುಕುತ್ತಿರುವಾಗಲೇ ನರ್ಸ್ ಬಂದು ಯಂತ್ರ ಸರಿಯಾಯಿತು ಎಂದಳು. ಇನ್ನು ಸ್ವಲ್ಪ ತಡವಾಗಿದ್ದರೆ ತಾನು ಏನು ಮಾಡುತ್ತಿದ್ದೆ ಎಂಬುದು ಸಿಂಚನಾಳಿಗೆ ಚೆನ್ನಾಗಿ ಗೊತ್ತಿತ್ತು. ಆ ಅರಿವು ಅವಳನ್ನು ಮುಂದೆಯೂ ಬಿಡಲಿಲ್ಲ.

ಕೊನೆಗೆ ಅನಘಾ ಬಂದರು. ಕಾರ್ಮಿಕ ಇಲಾಖೆಯ ಅಧಿಕಾರಿಯ ಮುಂದೆ ನಿಂತು, ತಮ್ಮ ಶೋಧವನ್ನು ಹೇಗೆ ಬಳಸಲಾಗಿದೆ ಎಂದು ಬಿಡಿಸಿ ಹೇಳಿದರು. ಆಡಳಿತ ಮಂಡಳಿ ಎರಡೂ ಬೇಡಿಕೆಗೆ ಸಹಿ ಹಾಕಿತು. ಕರಿಬಸಮ್ಮನಿಗೂ ಆಸ್ಪತ್ರೆಯ ಬಾಗಿಲು ಮತ್ತೆ ತೆರೆಯಿತು. ಕಂಪನಿಯೊಂದಿಗೆ ಅನಘಾ ಅವರ ಗುತ್ತಿಗೆ ಅಲ್ಲಿಗೆ ಮುಗಿಯಿತು. ಕಾರ್ಖಾನೆಯ ಮುಂದೆ ಪಟಾಕಿ ಹೊಡೆದರು. ಕ್ಯಾಂಟೀನಿಗೆ ಉದ್ದ ಬೆಂಚುಗಳು ಬಂದವು.

ಮರುವರ್ಷ ಹೊಸಬರು ಕೆಲಸಕ್ಕೆ ಸೇರಿದರು. ಒಳ್ಳೆಯ ಮಕ್ಕಳು, ಹೇಳಿದ್ದನ್ನು ಎರಡು ಸಲ ಹೇಳಿಸಿಕೊಳ್ಳುವವರಲ್ಲ. ಆದರೆ ಬೆಂಚಿದ್ದರೂ ಅವರು ಒಬ್ಬರಿಗೊಬ್ಬರು ಅಂಟಿ ಕೂರುತ್ತಿರಲಿಲ್ಲ. ಬಾಗಿಲ ಸದ್ದಾದರೆ ತುತ್ತು ಕೈಯಲ್ಲೇ ನಿಲ್ಲುತ್ತಿತ್ತು. ಸಂಘಕ್ಕೆ ಸೇರಿ ಎಂದು ಸಿಂಚನಾ ಕರೆದರೆ ನಕ್ಕು ತಲೆ ತಗ್ಗಿಸುತ್ತಿದ್ದರು. ಅವರಲ್ಲೊಬ್ಬಳನ್ನು ವಿಚಾರಿಸಿದಾಗ, ಸಂದರ್ಶನದಲ್ಲಿ ಕೈಗೆ ಕಾಪು ಕಟ್ಟಿ ಮನೆ ಸಂಸಾರದ ನಾಲ್ಕು ಮಾತು ಕೇಳಿದರೆಂದಳು. ಅಂಕಿ ಏರದವರನ್ನು ವಾಪಸು ಕಳಿಸಿದರಂತೆ.

ಸಿಂಚನಾ ಅನಘಾ ಅವರಿಗೆ ಫೋನು ಮಾಡಿದಳು. ಬೇಗ ಹೆದರುವವರ ಕೈಯಲ್ಲಿ ಪ್ರೆಸ್ ಬೇಗ ನಿಲ್ಲುತ್ತದೆ, ಆದ್ದರಿಂದ ಅವರನ್ನು ಆರಿಸಿದ್ದು ಸುರಕ್ಷತೆಗಾಗಿ ಎಂದು ಕಂಪನಿ ವಾದಿಸಬಹುದು, ಒಪ್ಪಂದದಲ್ಲಿ ಇರುವುದು ಕೆಲಸದಲ್ಲಿರುವವರ ಮಾತು ಮಾತ್ರ ಎಂದರು ಅವರು.

ಮುಷ್ಕರದ ದಿನಗಳಿಗಿಂತ ಹೆಚ್ಚಿನ ದಿಗಿಲು ಅವಳನ್ನು ಹಿಡಿದುಕೊಂಡಿತು. ಹೀಗೇ ಆರಿಸುತ್ತ ಹೋದರೆ ಇನ್ನು ಹತ್ತು ವರ್ಷಕ್ಕೆ ಆ ಮರಳಿನ ಮೇಲೆ ಎದ್ದು ನಿಲ್ಲುವವರು ಯಾರು? ಮನೆಗೆ ಬಂದು ತಾಯಿಗೆ ಎಲ್ಲವನ್ನೂ ಹೇಳಿದಳು. ಇಂಥ ಯಂತ್ರ ಬರುವ ಮುಂಚೆ ಕಾಲ ಎಷ್ಟೋ ಚೆನ್ನಾಗಿತ್ತು ಎಂದಳು.

ಸೊಪ್ಪು ಸೋಸುತ್ತಿದ್ದ ಕರಿಬಸಮ್ಮನ ಕೈ ನಿಂತಿತು. ಮೂವತ್ತು ವರ್ಷದ ಹಿಂದೆ ಅವಳು ದಾವಣಗೆರೆಯ ಒಂದು ಗಾರ್ಮೆಂಟ್ಸ್‌ನಲ್ಲಿ ಹೊಲಿಗೆಗೆ ಹೋಗುತ್ತಿದ್ದಳು.

“ನಮಗೆ ಕೈಗೆ ಏನೂ ಕಟ್ಟಿರಲಿಲ್ಲ ನೋಡವ್ವ,” ಎಂದಳು. “ಕೆಲಸ ಕೇಳಾಕೆ ಹೋದಾಗ ಸಾಹೇಬ್ರು ಹೊಲಿಗೆ ಬಗ್ಗೆ ಜಾಸ್ತಿ ಕೇಳಲಿಲ್ಲ. ಮನೆ ಬಾಡಿಗೀದಾ, ಗಂಡ ಕುಡೀತಾನಾ, ಮಕ್ಕಳು ಸಣ್ಣವಾ ಅಂತ ಕೇಳಿದ್ರು. ಎಲ್ಲಾದಕ್ಕೂ ಹೂಂ ಅಂದೆ. ನಾಳಿಂದ ಬಾ ಅಂದ್ರು. ನನ್ನ ಕಷ್ಟ ನೋಡಿ ಕರುಣೆ ಬಂದು ಕೆಲಸ ಕೊಟ್ರು ಅಂತ ನಾನು ಇಷ್ಟು ದಿನ ತಿಳ್ಕೊಂಡಿದ್ದೆ.”