ಸೇತುವೆಯ ಮೂಗಿಗೆ ನಿಂಬೆಹಣ್ಣು

ಸೇತುವೆ ಏಳಲೇ ಇಲ್ಲ. ವಿದ್ಯಾಶ್ರೀ ದಾರ ಎಳೆದಳು, ಮತ್ತೆ ಎಳೆದಳು. ಸೋಮವಾರ ಬೆಳಗ್ಗೆ ಹಾಸಿಗೆ ಬಿಡದ ಹುಡುಗನ ಹಾಗೆ ಅದು ಬಿದ್ದುಕೊಂಡೇ ಇತ್ತು.

ಅತ್ತ ಶಾಲೆಯ ವಿಜ್ಞಾನ ಮೇಳದಲ್ಲಿ ಹೆಡ್‌ಮಾಸ್ಟರ್ ಸಣ್ಣಬಸಪ್ಪನವರು ಒಂದೊಂದೇ ಮಾಡೆಲ್ ನೋಡುತ್ತಾ ಬರುತ್ತಿದ್ದರು. ಅವರಿಗೆ ಹಿಡಿಸಿದ ಒಂದೇ ಒಂದು ಮಾಡೆಲ್ ಅನಂತಪುರದ ಜಿಲ್ಲಾ ಮೇಳಕ್ಕೆ ಹೋಗುತ್ತದೆ. ಇನ್ನು ನಾಲ್ಕೇ ಟೇಬಲ್ ಬಾಕಿ.

ಯಾವುದೋ ದೂರದ ಪಟ್ಟಣದಲ್ಲಿ ನೂರು ವರ್ಷದಿಂದ ಇರುವ ಸೇತುವೆಯ ಮಾಡೆಲ್ ವಿದ್ಯಾಶ್ರೀಯದು. ಹಡಗು ಬಂದರೆ ರಸ್ತೆಗೆ ರಸ್ತೆಯೇ ಮೇಲೇಳುತ್ತದೆ. ಎತ್ತಲು ಸಣ್ಣ ಮೋಟರ್ ಸಾಕು. ಯಾಕೆಂದರೆ ಅದರ ಬಾಲಕ್ಕೆ, ಯಾರಿಗೂ ಕಾಣದ ಹಾಗೆ, ಸರಿದೂಗುವಷ್ಟು ಭಾರ, ಅಂದರೆ ಕೌಂಟರ್‌ವೇಟ್, ಕಟ್ಟಿರುತ್ತಾರೆ. ವಿದ್ಯಾಶ್ರೀ ಜೀನ್ಸ್ ಚಿಂದಿಯಲ್ಲಿ ರಸ್ತೆ ಮಾಡಿದ್ದಳು. ಬಾಲಕ್ಕೆ ಬೆಂಕಿಪೊಟ್ಟಣ, ಅದರ ತುಂಬ ಅಮ್ಮ ಹೊಲಿಯುವ ಜೀನ್ಸ್ ಯೂನಿಟ್ಟಿನ ಕೆಟ್ಟುಹೋದ ಬಟನ್‌ಗಳು. ನಿನ್ನೆ ಉಫ್ ಎಂದು ಊದಿದರೂ ಏಳುತ್ತಿತ್ತು.

ಇವತ್ತೇನು ದಾಡಿ? ದಾಡಿ ಎದುರಿಗೇ ನಿಂತಿತ್ತು: ಅವಳ ಅಜ್ಜಿ ಪಂಪಮ್ಮ. ಹೊಸ ಬೈಕಾಗಲಿ, ಹೊಲಿಗೆ ಮಶೀನಾಗಲಿ, ಪೂಜೆ ಮಾಡದೆ ಬಿಟ್ಟವಳಲ್ಲ. ಬೆಳಗ್ಗೆ ಸೇತುವೆಗೂ ಕುಂಕುಮ ಇಟ್ಟು, ದೃಷ್ಟಿ ತಾಗದಿರಲೆಂದು ಅದರ ಮೂಗಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ್ದಳು.

ಜೊತೆಗಾರ ವಾಗೀಶ್ ಕತ್ತರಿ ತಂದುಕೊಟ್ಟ. ವಿದ್ಯಾಶ್ರೀಗೆ ಸಿಟ್ಟೇನೋ ಬಂದಿತ್ತು. ಆದರೆ ನಿಂಬೆಹಣ್ಣು ಕಟ್ಟಿದ್ದು ತಾನೇ ಎಂದು ಅಜ್ಜಿ ಪಕ್ಕದ ಟೇಬಲ್ಲಿನವರಿಗೆ ಹೆಮ್ಮೆಯಿಂದ ಮೂರನೇ ಸಲ ಹೇಳುತ್ತಿದ್ದಳು. ಕತ್ತರಿ ಹಿಡಿದ ಕೈ ಮುಂದೆ ಹೋಗಲಿಲ್ಲ.

"ಯಾಕವ್ವ, ಏಳವಲ್ದೇನು?" ಎಂದಳು ಅಜ್ಜಿ.

"ಮುಂದ ಭಾರ ಆಗೇತಿ ಅಜ್ಜಿ. ಹಿಂದನೂ ಅಷ್ಟ ಭಾರ ಬೇಕು." ನಿಂಬೆಹಣ್ಣಿನ ಸುದ್ದಿ ಎತ್ತಲಿಲ್ಲ.

ಅಜ್ಜಿ ನಿಂಬೆಹಣ್ಣು ನೋಡಿದಳು, ಬಾಲ ನೋಡಿದಳು. ಆಮೇಲೆ ಸೊಂಟದಿಂದ ಎಲೆಅಡಿಕೆ ಚೀಲ ತೆಗೆದು, "ಇದನ್ನ ಕಟ್ಟು" ಎಂದಳು.

ಕಟ್ಟಿದ್ದೇ ತಡ, ಸೇತುವೆ ನಿಂಬೆಹಣ್ಣಿನ ಸಮೇತ ಎದ್ದಿತು. ಹೆಡ್‌ಮಾಸ್ಟರು ಬಗ್ಗಿ ನೋಡಿ, ಕೆಳಗೆ ತೂಗಾಡುವುದೇನೆಂದು ಕೇಳಿದರು. ವಾಗೀಶ್ ಮುಖ ಗಂಭೀರ ಮಾಡಿಕೊಂಡು, "ಕೌಂಟರ್‌ವೇಟ್ ಸಾರ್" ಎಂದ. ಭೇಷ್ ಅನ್ನಿಸಿಕೊಂಡದ್ದೂ ಆಯಿತು.

ಆಮೇಲೆ ಶಾಲೆಗೆ ಶಾಲೆಯೇ ಕ್ಯೂ ನಿಂತಿತು. ಊಟದ ಬೆಲ್ ಆಗಿ, ಎಲ್ಲರೂ ಉಂಡು ಬಂದ ಮೇಲೂ ಸೇತುವೆ ಏಳುತ್ತಿತ್ತು, ಇಳಿಯುತ್ತಿತ್ತು. ಶೇಂಗಾ ಸಿಪ್ಪೆಯ ಹಡಗು ಕೆಳಗೆ ಹೋಗುತ್ತಿತ್ತು.

ಆಗ ವಿದ್ಯಾಶ್ರೀಯ ಕಣ್ಣು ಮೂಲೆಯ ಕುರ್ಚಿಗೆ ಬಿತ್ತು. ಉಂಡ ಕೂಡಲೇ ಎಲೆಅಡಿಕೆ ಸಿಗದಿದ್ದರೆ ಮನೆ ಮಂದಿಯನ್ನೆಲ್ಲ ಬೈಯುವ ಅಜ್ಜಿ ಖಾಲಿ ಬಾಯನ್ನೇ ಅಗಿಯುತ್ತಾ ಕೂತಿದ್ದಳು. ಸೇತುವೆ ಎದ್ದಾಗಲೆಲ್ಲ ಚಪ್ಪಾಳೆ ಬೇರೆ ತಟ್ಟುತ್ತಿದ್ದಳು.

ಸೆಕೆಂಡ್ ಕ್ಲಾಸಿನವರು ಇನ್ನೂ ಕ್ಯೂನಲ್ಲಿದ್ದರು.

"ಬ್ರಿಡ್ಜ್ ಬಂದ್" ಎಂದಳು ವಿದ್ಯಾಶ್ರೀ. ವಾಗೀಶ್ ಯಾಕೆಂದು ಕೇಳುವಷ್ಟರಲ್ಲಿ ಅವಳು ಟೇಬಲ್ಲಿನ ಕೆಳಗೆ ನುಗ್ಗಿ ಚೀಲದ ಗಂಟು ಬಿಚ್ಚುತ್ತಿದ್ದಳು.