ಬಾಯಲ್ಲಿ ಗುಂಡುಸೂಜಿ

"ಕಿವಿ ಇದೆಯೋ, ಇಲ್ಲಾ ಯಾರಿಗಾದ್ರೂ ಮಾರ್ಕೊಂಡಿದ್ದೀಯೋ?"

"ಯಾರ ಬಾಗಿಲಲ್ಲಿ ನಿಂತು ಕೇಳ್ತಿದ್ದೀಯ? ಕಾಲು ಮುರೀತೀನಿ!"

ಮೊದಲು ಕೂಗಿದವನು ಕೆಳಗಿನ ಮನೆಯ ಟೈಲರ್. ಕಾಲು ಮುರಿಯುತ್ತೇನೆ ಎಂದವನು ಗುಬ್ಬಿಯ ಅಪ್ಪ. ಟೈಲರ್ ಕುತ್ತಿಗೆಯಲ್ಲಿ ಅಳತೆ ಟೇಪು ನೇತಾಡುತ್ತಿತ್ತು. ಅಪ್ಪನ ಕೈಯಲ್ಲಿ ಟೀವಿ ರಿಮೋಟು ಇತ್ತು. ಗುಬ್ಬಿ ಇಬ್ಬರ ನಡುವೆ ಕೂತು ಹೋಂವರ್ಕ್ ಮಾಡುತ್ತಿದ್ದಳು.

"ನಿನ್ನ ಟೀವಿ ಸದ್ದಿಗೆ ನನ್ನ ಮಿಷನ್ನು ತಾನಾಗೇ ಹೊಲಿಯುತ್ತೆ! ಕಿವುಡಾಗಿದ್ರೆ ಒಪ್ಕೋ!"

ಕಿವುಡು ಅಂದದ್ದೇ ತಡ, ಅಪ್ಪನಿಗೆ ಮೈಯೆಲ್ಲ ಉರಿದುಹೋಯಿತು.

"ಯಾರಿಗೆ ಕಿವುಡು? ಹೋದ ವರ್ಷ ಮಿಲ್ಲಿನ ಡಾಕ್ಟರೇ ಮೆಲ್ಲಗೆ ಮಾತು ಹೇಳಿ ಟೆಸ್ಟ್ ಮಾಡಿದ್ರು. ಪಾಸು! ಇವತ್ತೂ ಬರ್ತಿದಾರೆ. ಇವತ್ತೂ ಪಾಸೇ!"

ಅಪ್ಪನಿಗೆ ಬಟ್ಟೆ ಮಿಲ್ಲಿನಲ್ಲಿ ಕೆಲಸ. ಅಲ್ಲಿನ ಶೆಡ್ಡಿನಲ್ಲಿ ಪವರ್‌ಲೂಮುಗಳು ದಿನವಿಡೀ ಬಡಿದುಕೊಳ್ಳುತ್ತವೆ. ಕಿವಿ ಟೆಸ್ಟಿನಲ್ಲಿ ಫೇಲಾದವರನ್ನು ಶೆಡ್ಡಿನಿಂದ ತೆಗೆದು ಬಟ್ಟೆ ಮಡಿಸುವ ರೂಮಿಗೆ ಹಾಕುತ್ತಾರೆ. ಆ ರೂಮಿನಲ್ಲಿ ಸದ್ದಿಲ್ಲ. ಮರ್ಯಾದೆಯೂ ಇಲ್ಲ ಎಂದು ಅಪ್ಪನ ಲೆಕ್ಕ. "ಅಲ್ಲಿ ಸೊಂಟ ಬಿದ್ದೋರು ಕೂತಿರ್ತಾರೆ" ಎನ್ನುತ್ತಿದ್ದ.

ಕಿವಿಗೆ ಹಾಕಿಕೊಳ್ಳಿ ಎಂದು ಮಿಲ್ಲಿನವರು ರಬ್ಬರಿನ ಇಯರ್‌ಪ್ಲಗ್ ಕೊಟ್ಟಿದ್ದರು. ಹಾಕಿಕೊಂಡ್ರೆ ನೂಲು ಹರಿದ ಸದ್ದು ಗೊತ್ತಾಗಲ್ಲ ಎಂದು ಅಪ್ಪ ಮನೆಗೆ ತಂದು ಬಿಸಾಡಿದ್ದ. ಒಂದನ್ನು ಅಮ್ಮ ಕುಂಟುತ್ತಿದ್ದ ಟೇಬಲ್ಲಿನ ಕಾಲಿನ ಕೆಳಗೆ ಇಟ್ಟಿದ್ದಳು. ಇನ್ನೊಂದು ಎಣ್ಣೆ ಬಾಟಲಿಗೆ ಬಿರಡೆಯಾಗಿತ್ತು. ಎರಡೂ ಚೆನ್ನಾಗಿ ಕೆಲಸ ಮಾಡುತ್ತಿದ್ದವು.

"ಹಾಗಾದ್ರೆ ಈಗಲೇ ಟೆಸ್ಟ್ ಆಗಲಿ" ಎಂದ ಟೈಲರ್.

ಗುಬ್ಬಿ ಹೋಗಿ ಟೀವಿ ಆರಿಸಿದಳು. ಟೈಲರ್ ಅಪ್ಪನ ಎದುರು ನಿಂತು, ಇರುವೆಗೂ ಕೇಳಿಸದಷ್ಟು ಮೆಲ್ಲಗೆ ಶುರು ಮಾಡಿದ.

"ಕತ್ತರಿ."

"ಕತ್ತರಿ" ಎಂದ ಅಪ್ಪ.

"ಹಳದಿ ದಾರ."

"ಹಳದಿ ದಾರ."

"ಮೊಂಡ."

"ನಿಮ್ಮಪ್ಪ ಮೊಂಡ!"

ಟೈಲರ್ ಪೆಚ್ಚಾದ. ಪಕ್ಕದಲ್ಲೇ ಇದ್ದ ಗುಬ್ಬಿಗೇ ಹಳದಿ ದಾರ ಕೇಳಿಸಿರಲಿಲ್ಲ.

ಟೈಲರ್‌ಗೆ ಒಂದು ಚಾಳಿ ಇತ್ತು. ಕೈ ಖಾಲಿ ಇದ್ದರೆ ಕಾಲರಿಗೆ ಚುಚ್ಚಿದ ಗುಂಡುಸೂಜಿಗಳನ್ನು ತೆಗೆದು ತುಟಿಗಳ ನಡುವೆ ಕಚ್ಚಿಕೊಳ್ಳುತ್ತಿದ್ದ. ಈಗಲೂ ಕಚ್ಚಿಕೊಂಡ. ಸೂಜಿ ಬೀಳದ ಹಾಗೆ ತುಟಿ ಬಿಗಿಹಿಡಿದು, ಗಟ್ಟಿಯಾಗಿಯೇ ಹೇಳಿದ: "ತಪ್ಪಾಯ್ತು ಅಣ್ಣಾ. ನಾನು ಹಾಗೆ ಅನ್ನಬಾರದಿತ್ತು."

ಅಡುಗೆಮನೆಯಲ್ಲಿದ್ದ ಅಮ್ಮನಿಗೂ ಕೇಳಿಸಿತು. "ಹೋಗಲಿ ಬಿಡಿ" ಎಂದಳು ಅಲ್ಲಿಂದಲೇ.

"ಏನಂದೆ? ಮತ್ತೆ ಬೈದೆಯಾ?" ಅಪ್ಪ ಮುಂದೆ ನುಗ್ಗಿದ.

"ಅಯ್ಯೋ, ತಪ್ಪಾಯ್ತು ಅಂದೆ ಅಣ್ಣಾ!" ಸೂಜಿಗಳು ಇನ್ನೂ ಬಾಯಲ್ಲೇ ಇದ್ದವು.

"ಮತ್ತೆ ಅದೇ! ಧೈರ್ಯ ಇದ್ರೆ ಬಾಯಿ ಬಿಟ್ಟು ಬೈಯೋ!"

ಟೈಲರ್ ಸೂಜಿ ತೆಗೆದ. ಅಪ್ಪನ ಮುಖ ನೋಡಿದ. ಗುಬ್ಬಿಯ ಮುಖ ನೋಡಿದ. "ಏನಿಲ್ಲ ಅಣ್ಣಾ" ಎಂದು ಮೆಟ್ಟಿಲು ಇಳಿದು ಹೋದ.

"ನೋಡಿದೆಯಾ, ಹೇಗೆ ಓಡಿದ!" ಎಂದು ಅಪ್ಪ ಮೀಸೆ ಸವರಿಕೊಂಡ.

ಗುಬ್ಬಿಯ ಪೆನ್ಸಿಲು ನಿಂತುಹೋಗಿತ್ತು. ಒಮ್ಮೆ ಅವಳು ಊಟದ ಡಬ್ಬಿ ಕೊಡಲು ಮಿಲ್ಲಿಗೆ ಹೋಗಿದ್ದಳು. ಆ ಸದ್ದಿಗೆ ಅವಳ ಹಲ್ಲು ಕೂಡ ನಡುಗಿದ್ದವು. ಶೆಡ್ಡಿನ ಆ ತುದಿಯಲ್ಲಿದ್ದ ಒಬ್ಬ ಬರೀ ತುಟಿ ಆಡಿಸಿದ. ಈ ತುದಿಯಲ್ಲಿದ್ದ ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಹೊರಗೆ ಬಂದ ಮೇಲೆ "ಒಳಗೆ ಕೂಗಿದ್ರೆ ಗಂಟಲು ದಂಡ. ತುಟಿ ನೋಡಿದ್ರೆ ಸಾಕು" ಎಂದಿದ್ದ. ನಮ್ಮಪ್ಪನಿಗೆ ಮ್ಯಾಜಿಕ್ ಬರುತ್ತೆ ಎಂದು ಗುಬ್ಬಿ ಕ್ಲಾಸಿಗೆಲ್ಲ ಹೇಳಿಕೊಂಡು ಬಂದಿದ್ದಳು.

"ಅಪ್ಪಾ, ಡಾಕ್ಟರು ಟೆಸ್ಟ್ ಮಾಡುವಾಗ ನಿನ್ನ ಎದುರಿಗೆ ಕೂತಿದ್ರಾ?"

"ಮತ್ತೇನು, ನನ್ನ ತಲೆ ಮೇಲೆ ಕೂತ್ಕೋತಾರಾ?"

"ಇವತ್ತು ಗೋಡೆ ಕಡೆ ತಿರುಗಿ ಟೆಸ್ಟ್ ಕೊಡು."

ಅಪ್ಪ ಅವಳನ್ನು ದುರುಗುಟ್ಟಿ ನೋಡಿದ. "ನೀನೂ ಶುರು ಮಾಡಿದೆಯಾ?" ಎಂದು ಗದರಿ, ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟ. ಬಾಗಿಲು ದಡಾರನೆ ಬಡಿಯಿತು.

ಊಟದ ಡಬ್ಬಿ ಟೇಬಲ್ಲಿನ ಮೇಲೇ ಉಳಿದಿತ್ತು.

"ಅಪ್ಪಾ, ಡಬ್ಬಿ!" ಗುಬ್ಬಿ ಕಿಟಕಿಯಿಂದ ಕಿರುಚಿದಳು. ತರಕಾರಿ ಗಾಡಿಯವನು ತಿರುಗಿ ನೋಡಿದ. ಸೈಕಲ್ಲಿನವನು ತಿರುಗಿದ. ಮಲಗಿದ್ದ ನಾಯಿಯೂ ತಲೆ ಎತ್ತಿತು. ಅಪ್ಪ ತಿರುಗಲಿಲ್ಲ.

"ಸಿಟ್ಟಲ್ಲಿದಾರೆ. ತಿರುಗಲ್ಲ ಬಿಡು" ಎಂದಳು ಅಮ್ಮ.

ಸಿಟ್ಟಲ್ಲ ಎಂದು ಗುಬ್ಬಿಗೆ ಗೊತ್ತಿತ್ತು.

ಅವಳು ಟೇಬಲ್ಲಿನ ಕಾಲಡಿಯ ಪ್ಲಗ್ ಎಳೆದಳು. ಟೇಬಲ್ ಮತ್ತೆ ಕುಂಟಿತು. ಎಣ್ಣೆ ಬಾಟಲಿಯದನ್ನೂ ಕಿತ್ತು ಲಂಗಕ್ಕೆ ಒರೆಸಿದಳು. "ಏಯ್, ನನ್ನ ಎಣ್ಣೆ!" ಎಂದು ಅಮ್ಮ ಕೂಗುವಷ್ಟರಲ್ಲಿ ಡಬ್ಬಿ ಹಿಡಿದು ಬೀದಿಗೆ ಇಳಿದಿದ್ದಳು.

ಹಿಂದಿನಿಂದ ಕೂಗಲಿಲ್ಲ. ಓಡಿ ಅಪ್ಪನನ್ನು ದಾಟಿ, ಎದುರಿಗೆ ಹೋಗಿ ನಿಂತಳು. ಡಬ್ಬಿ ಕೊಟ್ಟಳು. ಪ್ಲಗ್ ಎರಡನ್ನೂ ಅವನ ಅಂಗೈಯಲ್ಲಿ ಇಟ್ಟಳು.

ಆಮೇಲೆ, ಒಂದಿಷ್ಟೂ ದನಿ ಹೊರಡಿಸದೆ, ತುಟಿ ಮಾತ್ರ ಆಡಿಸಿದಳು: "ಅಪ್ಪಾ, ಗೋಡೆ ಕಡೆ ತಿರುಗ್ತೀಯಲ್ಲಾ?"

"ನೋಡೋಣ ನಡಿ!" ಎಂದ ಅಪ್ಪ, ಇಡೀ ಬೀದಿಗೆ ಕೇಳಿಸುವ ಹಾಗೆ.

ಪ್ಲಗ್‌ಗಳನ್ನು ಜೇಬಿಗೆ ಹಾಕಿಕೊಂಡು ಹೊರಟ. ಒಮ್ಮೆಯೂ ಹಿಂದೆ ನೋಡದೆ ತಿರುವಿನಲ್ಲಿ ಮರೆಯಾದ.

ಗುಬ್ಬಿ ಅಲ್ಲೇ ನಿಂತಿದ್ದಳು. ಪರೀಕ್ಷೆಯಲ್ಲಿ ಪಾಸಾಗಲಿ ಎಂದು ಅವಳು ಎಷ್ಟೋ ಸಲ ಬೇಡಿಕೊಂಡಿದ್ದಳು. ಫೇಲಾಗಲಿ ಎಂದು ಬೇಡಿಕೊಂಡದ್ದು ಇದೇ ಮೊದಲು.

ಅವಳ ತುಟಿ ಮಾತ್ರ ಆಡಿತು.