ಅತ್ತೆ ಹೊತ್ತ ಮಣ್ಣು

ನೂರು ವರ್ಷ ದಾಟಿದ ಆ ಎಸ್ಟೇಟ್ ಬಂಗಲೆಯನ್ನೂ ಅದರ ಉದ್ಯಾನವನ್ನೂ ನೋಡಲು ಹೋದಾಗ ನನ್ನ ಜೊತೆ ಸೋದರತ್ತೆ ಇದ್ದರು. ಬೇಸಿಗೆಯ ಹಾಡಹಗಲು. ಕೆರೆಯ ದಂಡೆಯಲ್ಲಿ ಗೈಡ್ ಒಂದು ಹಸಿರು ಗುಡ್ಡ ತೋರಿಸಿ, "ಇದು ತಾನಾಗೇ ಇದ್ದ ಗುಡ್ಡ ಅಲ್ಲ, ಯಜಮಾನ್ರು ಕಟ್ಟಿಸಿದ್ದು. ಕೆರೆ ತೋಡಿದ ಮಣ್ಣೆಲ್ಲ ಇಲ್ಲೇ ಇದೆ," ಎಂದ.

"ಹೊತ್ತಿದ್ದು ನಮ್ಮಜ್ಜಿ," ಎಂದರು ಅತ್ತೆ, ಇಡೀ ಗುಂಪಿಗೆ ಕೇಳುವಂತೆ. "ಒಂದು ಬುಟ್ಟಿನೂ ಬೀಳಿಸಿದವಳಲ್ಲ!"

ನನ್ನ ಎದೆಯೂ ಉಬ್ಬಿತು. ನಾವಿಬ್ಬರೇ ಗುಡ್ಡ ಹತ್ತತೊಡಗಿದೆವು. ಅರ್ಧ ದಾರಿಯಲ್ಲಿ, ಬಿಸಿಲು ಹಾಗೇ ಇದ್ದರೂ ಮೈಗೆ ಚಳಿ ಹತ್ತಿತು. ಹಿಂದೆ ಹೆಂಗಸರು ಏದುಸಿರು ಬಿಡುತ್ತಾ ಬರುವ ಸದ್ದು. ತಿರುಗಿ ನೋಡಿದರೆ ಬರೀ ಹುಲ್ಲು. ಮುಂದೆ, ಮಂಡಿನೋವಿನ ನಮ್ಮತ್ತೆ ಒಂದು ಕೈಯನ್ನು ತಲೆಯ ಮೇಲೆ ಹಿಡಿದು, ಕುತ್ತಿಗೆ ಅಲುಗಿಸದೆ, ರಾಣಿಯ ಹಾಗೆ ನೆಟ್ಟಗೆ ನಡೆಯುತ್ತಿದ್ದರು.

"ಅತ್ತೆ, ಏನಾಯ್ತು?"

"ಮಾತಾಡಿಸಬೇಡ ಕಣೇ, ಭಾರ ಇದೆ."

ತುದಿ ತಲುಪಿದವರೇ ಬಗ್ಗಿ, ಎರಡೂ ಕೈಯಿಂದ ಏನನ್ನೋ ಸುರಿದರು. ದೊಪ್ಪೆಂದು ಸದ್ದಾಯಿತು. ಆಮೇಲೆ ಸೊಂಟದ ಮೇಲೆ ಕೈಯಿಟ್ಟು ಕೆರೆ, ಬಂಗಲೆ, ಮರಗಳ ಸಾಲು ಎಲ್ಲವನ್ನೂ ಕಣ್ತುಂಬ ನೋಡಿದರು.

"ನೋಡೇ, ಎಷ್ಟು ಚೆನ್ನಾಗಿ ಕಟ್ಟಿದೀವಿ," ಎಂದರು.

ಅವರ ಬೈತಲೆಯಿಂದ ಕೆಸರು ಇಳಿಯುತ್ತಿತ್ತು. ಸಮನಾಗಿ ಕತ್ತರಿಸಿದ ಹುಲ್ಲಿನ ಮೇಲೆ ಒಂದು ಬುಟ್ಟಿಯಷ್ಟು ಹಸಿ ಮಣ್ಣು ಬಿದ್ದಿತ್ತು. ನಾನು ಮುಟ್ಟಿ ನೋಡಿದೆ. ಅದರಲ್ಲಿ ಇನ್ನೂ ನೀರು ಜಿನುಗುತ್ತಿತ್ತು, ಎರೆಹುಳವೊಂದು ಹೊರಳುತ್ತಿತ್ತು.